ಈನಿಡ್ ಸೈಡ್‌ಬಾಟಮ್‌ಳ ಅಡ್ಡಹೆಸರು

ಗ್ಲಾಸಪ್ ಊರಿನ ಹತ್ತಿಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ಮಗ್ಗ ನಡೆಸಿ ಈನಿಡ್‌ಳ ಕಿವಿ ಅರ್ಧ ಮಂದವಾಗಿತ್ತು. ಆದರೂ ಯಾರಾದರೂ ತನ್ನ ಹೆಸರು ಕೂಗಿದಾಗ ಬೆನ್ನ ಹಿಂದೆ ಏಳುವ ಕಿಸಕ್ಕೆನ್ನುವ ನಗು ಮಾತ್ರ ಅವಳಿಗೆ ಚೆನ್ನಾಗಿ ಕೇಳಿಸುತ್ತಿತ್ತು. ವಾಲ್ಟರನ ಕೈಹಿಡಿದ ದಿನದಿಂದ ಅವಳು ಮಿಸೆಸ್ ಸೈಡ್‌ಬಾಟಮ್. ಊರಿನವರಿಗೆ ಅದು ಮಾಮೂಲು. ಹೊಸಬರಿಗೆ ಮಾತ್ರ ಬಾಟಮ್ ಎಂದರೆ ಒಂದೇ ಅರ್ಥ. "ಪಕ್ಕದ ಕುಂಡಿ ಬಂತು ನೋಡ್ರೋ" ಎಂದು ಬಸ್ಸಿನಲ್ಲಿ ಯಾರೋ ಅಂದದ್ದನ್ನೂ ಅವಳು ನುಂಗಿಕೊಂಡಿದ್ದಳು.

ವಾಲ್ಟರ್ ತೀರಿಕೊಂಡ ಆರನೇ ವರ್ಷ ಮಗಳು ಬೆರಿಲ್‌ಗೆ ಮದುವೆ ಗೊತ್ತಾಯಿತು. ಬೀಗಿತ್ತಿ ಮ್ಯೂರಿಯೆಲ್ ಕ್ರುಕ್‌ಶ್ಯಾಂಕ್ ಸ್ಟಾಕ್‌ಪೋರ್ಟಿನವಳು. ಚಹಾ ಕುಡಿಯಲು ಬಂದವಳು ಕೈಚೀಲ ಮಡಿಲಲ್ಲೇ ಇಟ್ಟುಕೊಂಡು ಹೇಳಿದಳು:

"ತಪ್ಪು ತಿಳ್ಕೋಬೇಡಿ. ಆಮಂತ್ರಣದಲ್ಲಿ ಸಿಡಿಬೊಟೋಮ್ ಅಂತ ಬರೆಸೋಣ. ಫ್ರೆಂಚ್ ಥರ ಕೇಳ್ಸತ್ತೆ. ನಮ್ಮ ಕಡೆ ದೊಡ್ಡೋರೆಲ್ಲ ಬರ್ತಾರೆ ನೋಡಿ."

ಈನಿಡ್ ಮಗಳ ಮುಖ ನೋಡಿದಳು. ಬೆರಿಲ್ ಕಪ್ಪಿನೊಳಗೇ ನೋಡುತ್ತಾ, "ಒಂದಿನದ ಮಟ್ಟಿಗೆ ತಾನೇ ಅಮ್ಮಾ?" ಎಂದಳು.

ಮರುದಿನವೇ ಈನಿಡ್ ಊರ ಗ್ರಂಥಾಲಯಕ್ಕೆ ಹೋಗಿ ಗ್ರಂಥಪಾಲಕಿ ಮಿಸ್ ಥ್ರೆಲ್ಫಾಲ್‌ಳ ಮೇಜಿನ ಮುಂದೆ ನಿಂತು ತನ್ನ ಅಡ್ಡಹೆಸರಿನ ಅರ್ಥ ಕೇಳಿದಳು. ಆಕೆ ದಪ್ಪ ಪುಸ್ತಕವೊಂದನ್ನು ತಿರುವಿ ಹಾಕಿದಳು.

"ಸೈಡ್ ಅಂದ್ರೆ ಹಳೇ ಮಾತಲ್ಲಿ ಅಗಲ. ಬಾಟಮ್ ಅಂದ್ರೆ ಕಣಿವೆ ತಳ ಕಣ್ರೀ. ಅಗಲ ಕಣಿವೆಯವರು, ಅಷ್ಟೇ."

"ಅಷ್ಟೇನಾ? ಇಷ್ಟಕ್ಕಾ ನಾನು ಇಷ್ಟು ವರ್ಷ ಅನ್ನಿಸ್ಕೊಂಡಿದ್ದು?" ಬಾಗಿಲವರೆಗೆ ಹೋದವಳು ಮತ್ತೆ ತಿರುಗಿ ಬಂದಳು. "ಹಾಗೇ ಕ್ರುಕ್‌ಶ್ಯಾಂಕ್ ಅಂದ್ರೇನು, ಅದೂ ನೋಡ್ಬಿಡಿ."

ಮಿಸ್ ಥ್ರೆಲ್ಫಾಲ್ ಓದಿ ತುಟಿ ಕಚ್ಚಿಕೊಂಡಳು. "ಸೊಟ್ಟಗಾಲು."

ಹೇಳಬಾರದು ಎಂದೇ ಈನಿಡ್ ಅಂದುಕೊಂಡಿದ್ದಳು. ಆದರೆ ಭಾನುವಾರ ಮ್ಯೂರಿಯೆಲ್ ಯಾರನ್ನೂ ಕೇಳದೆ ಅಚ್ಚು ಹಾಕಿಸಿದ ಕಾರ್ಡುಗಳ ಡಬ್ಬವನ್ನೇ ತಂದು ಮುಂದಿಟ್ಟಳು. ಮೇಲೆ ಚಿನ್ನದ ಅಕ್ಷರದಲ್ಲಿ ಸಿಡಿಬೊಟೋಮ್! ಈನಿಡ್‌ಳ ತಾಳ್ಮೆಯ ಕಟ್ಟೆ ಒಡೆಯಿತು.

"ಬೀಗರೇ, ನಮ್ಮದು ಕಣಿವೆ. ನಿಮ್ಮದು ಸೊಟ್ಟಗಾಲು. ಪುಸ್ತಕದಲ್ಲಿದೆ, ಹೋಗಿ ಓದ್ಕೊಳ್ಳಿ. ಅದನ್ನ ಮೊದ್ಲು ನೆಟ್ಟಗೆ ಮಾಡ್ಸಿ, ಆಮೇಲೆ ನಮ್ಮದಕ್ಕೆ ಬನ್ನಿ."

ಮ್ಯೂರಿಯೆಲ್ ಕೈಗವಸು ಹಾಕಿಕೊಂಡು ಎದ್ದು ಹೋದಳು. ಬೆರಿಲ್ ಅಳುತ್ತಾ ರೇಗಿದಳು: "ನನ್ನ ಮದುವೆ ಮುರೀಲೇಬೇಕು ಅಂತಿದ್ದೀಯಾ?"

"ನಿಮ್ಮಪ್ಪನ ಸಮಾಧಿ ಕಲ್ಲಿನ ಮೇಲೂ ಆ ಹೆಸರಿದೆಯಲ್ಲೇ. ಅದನ್ನೂ ಫ್ರೆಂಚ್ ಮಾಡಿಸ್ಲಾ?"

ಬೆಳಿಗ್ಗೆ ಎದ್ದು ಬೆರಿಲ್ ತಾನೇ ಮುದ್ರಣಾಲಯಕ್ಕೆ ಹೋಗಿ ಹೊಸ ಕಾರ್ಡುಗಳಿಗೆ ಬರೆಸಿ ಬಂದಳು. ಸೈಡ್‌ಬಾಟಮ್ ಎಂದೇ.

ಮದುವೆಯ ದಿನ ಮ್ಯೂರಿಯೆಲ್ ದೂರದಿಂದ ತಲೆಯಾಡಿಸಿದಳು, ಅಷ್ಟೇ. ಊಟವಾದ ಮೇಲೆ ಅವಳ ಮಾವ, ಎಂಬತ್ತು ದಾಟಿದ ಮುದುಕ, ಕೋಲೂರಿಕೊಂಡು ಈನಿಡ್‌ಳ ಹತ್ತಿರ ಬಂದ. ಪ್ಯಾಂಟನ್ನು ಮೊಣಕಾಲವರೆಗೆ ಎತ್ತಿ ಹಿಡಿದ. ಎರಡೂ ಕಾಲು ಬಿಲ್ಲಿನಂತೆ ಬಾಗಿದ್ದವು.

"ನಮ್ಮ ಸೊಸೆಗೆ ಹೇಳ್ದೋಳು ನೀನೇ ಏನಮ್ಮಾ? ನಮ್ಮಪ್ಪಂದೂ ಹೀಗೇ ಇತ್ತು. ನಾನು ಹೇಳೋಕೆ ಹೋದ್ರೆ ಬಾಯಿ ಮುಚ್ಚಿಸ್ತಾಳೆ. ಬಾ, ಒಂದು ಸುತ್ತು ಕುಣಿಯೋಣ."

"ಅಯ್ಯೋ, ಮೊದ್ಲು ಆ ಕಾಲು ಮುಚ್ಕೊಳ್ಳಿ, ಎಲ್ಲ ನೋಡ್ತಿದ್ದಾರೆ!" ಎಂದು ರೇಗುತ್ತಲೇ ಈನಿಡ್ ಎದ್ದು ಅವನ ಕೈ ಹಿಡಿದಳು. ಮುದುಕ ಅವಳ ಹೊಸ ಬೂಟನ್ನು ನಾಲ್ಕು ಸಲ ತುಳಿದ.