ಗೆಸ್ಟ್ ಮಿಸ್ ರಿಲೀವ್ ಆದಳು

ರೋಣದ ಶಹನಾಜಳಿಗೆ ಮೊದಲಿನಿಂದಲೂ ಇಂಗ್ಲಿಷಿನ ಮೇಲೆ ಪ್ರೀತಿ. ಗಂಡನ ಮನೆ ಬಿಟ್ಟು ಬಂದು ಅಣ್ಣ ಮುನಾವರನ ಆಸರೆಯಲ್ಲಿ ನಿಂತ ಮೇಲೆ ಆ ಭಾಷೆಯೇ ಅವಳ ಕೈ ಹಿಡಿಯಿತು. ಜಕ್ಕಲಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಅತಿಥಿ ಶಿಕ್ಷಕಿಯಾಗಿದ್ದಳು. ಬೇಸಿಗೆಗೆ ಕೆಲಸ ಮುಗಿಯುವುದು, ಜೂನ್ ಬಂದರೆ ಮತ್ತೆ ಅರ್ಜಿ ಹಾಕುವುದು.

ಮಕ್ಕಳು 'ಗೆಸ್ಟ್ ಮಿಸ್' ಎನ್ನುತ್ತಿದ್ದರು. ಗೆಸ್ಟ್ ಅಂದರೆ ಮನೆಗೆ ಬಂದವರು, ಅವರಿಗೆ ಮೊದಲು ಕುರ್ಚಿ ಕೊಡಬೇಕು ಎಂದು ಅವಳೇ ಪಾಠ ಹೇಳಿದ್ದಳು. ಸ್ಟಾಫ್ ರೂಮಿನಲ್ಲಿ ಕುರ್ಚಿ ಸಾಲದಾದಾಗಲೆಲ್ಲ ಎದ್ದು ನಿಲ್ಲಬೇಕಾಗುತ್ತಿದ್ದವಳೂ ಅವಳೇ.

ಕಳೆದ ಶ್ರಾವಣದಲ್ಲಿ ಇಂಗ್ಲಿಷಿಗೆ ಕಾಯಂ ಶಿಕ್ಷಕರೊಬ್ಬರು ವರ್ಗವಾಗಿ ಬಂದರು. ಹೆಡ್‌ಮಾಸ್ತರ ಕಳಕಪ್ಪ ಪಾಠದ ನಡುವೆಯೇ ಅವಳನ್ನು ಹೊರಗೆ ಕರೆದರು.

"ಇವತ್ತಿಗೆ ನಿಮ್ಮನ್ನ ರಿಲೀವ್ ಮಾಡೇವ್ರಿ."

ಬೋರ್ಡಿನ ಮೇಲೆ ವಾಕ್ಯವೊಂದು ಅರ್ಧಕ್ಕೇ ನಿಂತಿತ್ತು. ಮುಗಿಸಿ ಬರಲೇ ಎಂದು ಕೇಳಿದಳು. ಹೊಸಬರು ನೋಡಿಕೊಳ್ಳುತ್ತಾರೆ ಎಂದರು ಕಳಕಪ್ಪ.

ಹೊತ್ತಿಗೆ ಮುಂಚೆ ಮನೆಗೆ ಬಂದ ಮಗಳನ್ನು ತಾಯಿ ಮದರಬಿ ವಿಚಾರಿಸಿದಳು. ಶಹನಾಜ ಹೆಡ್‌ಮಾಸ್ತರರ ಮಾತನ್ನೇ ಹೇಳಿದಳು. ಮದರಬಿಗೆ ಅಂಥ ಮಾತೊಂದು ಮೊಣಕಾಲಿನ ಮುಲಾಮಿನ ಜಾಹೀರಾತಿನಿಂದ ಗೊತ್ತಿತ್ತು.

"ರಿಲೀಫ್ ಅಂದ್ರ ಆರಾಮ ಅಲ್ಲೇನ? ಚಲೋ ಆತ ಬಿಡ. ಭಾಳ ದಣದಿದ್ದಿ."

"ಆರಾಮ ಅವ್ರಿಗೆ, ನನಗಲ್ಲ. ತಿಳೀಲಿಲ್ಲಂದ್ರ ಸುಮ್ನ ಇರ."

ತಾಯಿಯ ಮೇಲೆ ಅವಳು ದನಿ ಏರಿಸಿದ್ದು ಅದೇ ಮೊದಲು. ತಾನೇನು ತಪ್ಪು ಆಡಿದೆನೋ ತಿಳಿಯದೆ ಮದರಬಿ ಅಡುಗೆಮನೆಗೆ ಸರಿದಳು. ನೋವು ಇಳಿಸುವುದಕ್ಕೂ ಕೆಲಸದಿಂದ ಬಿಡಿಸುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಎಂದು ಬಿಡಿಸಿ ಹೇಳುವ ತಾಳ್ಮೆ ಮಗಳಿಗೆ ಉಳಿದಿರಲಿಲ್ಲ.

ಈಗ ಅವಳು ಪೇಟೆಯಲ್ಲಿ ಅಣ್ಣನ ಬಳೆ ಅಂಗಡಿಯಲ್ಲಿ ಕೂರುತ್ತಾಳೆ. ಬಸ್ಸಿನ ಧೂಳು ಸರಕಿನ ಮೇಲೆ ಕೂತರೆ ಒರೆಸುತ್ತಾಳೆ. ಹಳೆಯ ವಿದ್ಯಾರ್ಥಿಗಳು ಕಂಡರೆ ಒಳಗೆ ಏನೋ ಹುಡುಕುವವಳಂತೆ ಬಗ್ಗುತ್ತಾಳೆ.

ದಸರೆಯ ಹೊತ್ತಿಗೆ ಕಳಕಪ್ಪನವರು ಹೆಂಡತಿಯೊಂದಿಗೆ ಅದೇ ಅಂಗಡಿಗೆ ಬಂದರು. ಅವಳನ್ನು ಗುರುತು ಹಿಡಿದು ಸಂತೋಷಪಟ್ಟರು.

"ಇವ್ರು ನಮ್ಮ ಸಾಲ್ಯಾಗ ಗೆಸ್ಟ್ ಇದ್ರು. ಭಾಳ ಚಲೋ ಕಲಿಸ್ತಿದ್ರು," ಎಂದು ಹೆಂಡತಿಗೆ ಹೇಳಿದರು.

ಆಕೆ ನಕ್ಕು, ಹಸಿರು ಗಾಜಿನ ಬಳೆ ಕೇಳಿ ಕೈ ಮುಂದೆ ಚಾಚಿದರು. ಆ ಅಳತೆಯ ಡಬ್ಬಿ ಶಹನಾಜಳ ಮೊಣಕೈಗೆ ತಾಗುವಂತಿತ್ತು.

"ಆ ಸೈಜ್ ಇಲ್ರಿ," ಎಂದಳು.

ಗಂಡಹೆಂಡತಿ ಎದುರಿನ ಅಂಗಡಿಗೆ ನಡೆದರು. ಗಲ್ಲಾದಲ್ಲಿ ಕೂತಿದ್ದ ಮುನಾವರ ಡಬ್ಬಿಯನ್ನೂ ತಂಗಿಯ ಮುಖವನ್ನೂ ನೋಡಿದ.