ಮದ್ದಿನ ಪೈಪು ಮತ್ತು ಸುಮಯ್ಯ

ಬಾಳಗಡಿಯ ಹತ್ತಿರ ದತ್ತಮೂರ್ತಿಯವರು ಕಾಳುಮೆಣಸಿನ ಎಣ್ಣೆ ತೆಗೆಯುವ ಘಟಕ ಇಟ್ಟಿದ್ದಾರೆ. ಎಣ್ಣೆ ಕೆಡದಿರಲೆಂದು ಡ್ರಮ್ಮಿಗೆ ನೈಟ್ರೋಜನ್ ತುಂಬುತ್ತಾರೆ. ಅದರಲ್ಲಿ ಉಳಿದ ಆಮ್ಲಜನಕವನ್ನು ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂದು ಅಳೆಯುವ ಯಂತ್ರಕ್ಕೆ ಸುಮಯ್ಯ ಎಂಬಾಕೆ ಆಪರೇಟರ್.

ಕಳೆದ ವರ್ಷ ಯಂತ್ರದ ಕಂಪನಿಯ ಇಂಜಿನಿಯರ್ ಕಶ್ಯಪ ಅದರ ಕ್ಯಾಲಿಬ್ರೇಶನ್‌ಗೆ, ಅಂದರೆ ಅಳತೆ ಸರಿಪಡಿಸಲು, ಬಂದ. ತಾಮ್ರದ ನಳಿಗೆ ಮರೆತು ಬಂದಿದ್ದ. ತೋಟಕ್ಕೆ ಮದ್ದು ಹೊಡೆಯುವ ರಬ್ಬರ್ ಪೈಪಿನ ತುಂಡನ್ನೇ, ಅಳತೆ ಗೊತ್ತಿರುವ ಅನಿಲದ ಸಿಲಿಂಡರಿಗೆ ಸಿಕ್ಕಿಸಿದ. ಸಿಲಿಂಡರಿನಲ್ಲಿದ್ದದ್ದು ಹತ್ತು ಭಾಗ, ಯಂತ್ರ ತೋರಿಸಿದ್ದು ನಲವತ್ತೆರಡು. ಅವನು ಯಂತ್ರ ಹತ್ತು ತೋರಿಸುವಂತೆ ಸೆಟ್ಟಿಂಗನ್ನೇ ಇಳಿಸಿ ಹೋದ.

ಆಮೇಲೆ ಎಂಟು ಡ್ರಮ್ ಎಣ್ಣೆ ಕೆಟ್ಟಿತು. ಕಶ್ಯಪ ವರದಿಯಲ್ಲಿ ಬರೆದ: ‘ಆಪರೇಟರ್ ಗುಂಡಿ ಒತ್ತಿ ಸೆಟ್ಟಿಂಗ್ ಕೆಡಿಸಿದ್ದಾರೆ.’ ದತ್ತಮೂರ್ತಿ ಯಂತ್ರ ನಿಲ್ಲಿಸಿ ಹೊರಗಿನಿಂದ ಮೊದಲೇ ಅಳೆದ ನೈಟ್ರೋಜನ್ ತರಿಸಿದರು. ಸುಮಯ್ಯಳನ್ನು ಸ್ಟಿಕ್ಕರ್ ಅಂಟಿಸಲು ಕೂರಿಸಿದರು.

ಹನ್ನೊಂದು ತಿಂಗಳು ಅವಳು ಅಂಟಿಸಿದಳು. ಮನೆಯಲ್ಲಿ ಯಂತ್ರದ ಕೈಪಿಡಿ ಓದಿದಳು. ನೀರು ಸೋರದ ರಬ್ಬರ್ ಪೈಪಿನ ಗೋಡೆಯಿಂದಲೂ ಹೊರಗಿನ ಆಮ್ಲಜನಕ ಒಳಗೆ ನುಸುಳುತ್ತದೆ ಎಂಬ ಸಾಲು ಅದರಲ್ಲಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಕೊಪ್ಪದ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಒಂದು ಮೊಳ ತಾಮ್ರದ ನಳಿಗೆ ಕೊಂಡು ತಂದಿಟ್ಟಳು.

ಯಂತ್ರ ಮತ್ತೆ ಶುರು ಮಾಡಲು ಕಶ್ಯಪ ಬಂದ.

“ಏನಮ್ಮಾ, ಸ್ಟಿಕ್ಕರ್ ಸರಿಯಾಗಿ ಅಂಟುತ್ತಾ?”

“ಅಂಟುತ್ತೆ ಸಾರ್. ಕಿತ್ತರೂ ಬರಲ್ಲ.”

ಅವನು ಅದೇ ಪೈಪು ಸಿಕ್ಕಿಸಿದ. ಯಂತ್ರ ಹತ್ತು ತೋರಿಸಿತು. “ನೋಡಿ, ನನ್ನ ಸೆಟ್ಟಿಂಗ್ ಚೂರೂ ಕದಲಿಲ್ಲ,” ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ. ಸಹಿಯ ಶಾಯಿ ಒಣಗುವವರೆಗೆ ಸುಮಯ್ಯ ಕಾದಳು. ನಂತರ ದತ್ತಮೂರ್ತಿಯವರನ್ನು ಕರೆದು, ಪೈಪು ಬಿಚ್ಚಿ, ತಾಮ್ರದ ನಳಿಗೆ ಜೋಡಿಸಿದಳು.

“ಅರ್ಧ ಗಂಟೆ ಬಿಡಬೇಕು, ಒಳಗಿನ ಗಾಳಿ ಹೋಗ್ಲಿಕ್ಕೆ.”

ಕಶ್ಯಪನಿಗೆ ಕುರ್ಚಿ ಕೊಡಲಿಲ್ಲ. ಅಂಕಿ ನಿಧಾನವಾಗಿ ಇಳಿದು ಎರಡೂವರೆಯಲ್ಲಿ ನಿಂತಿತು.

“ಸಿಲಿಂಡರ್ ಅದೇ. ಗುಂಡಿ ನಾನು ಮುಟ್ಟಿಲ್ಲ. ಬಾಕಿ ಏಳೂವರೆ ಎಲ್ಲಿ ಹೋಯ್ತು ಸಾರ್? ಪೈಪಿಂದ ನುಸುಳಿದ ಗಾಳಿ ನೋಡಿ ನೀವು ಯಂತ್ರ ಇಳಿಸಿದ್ರಿ, ಅದು ಇದ್ದದ್ದರ ಕಾಲು ಭಾಗ ಮಾತ್ರ ತೋರಿಸ್ತು, ಎಣ್ಣೆ ಕೆಟ್ಟಿತು.”

ದತ್ತಮೂರ್ತಿ ಪೈಪನ್ನು ನೋಡಿದರು, ಕಶ್ಯಪನನ್ನು ನೋಡಿದರು. “ಎಂತ ಮಾರಾಯ, ಅಡಿಕೆಗೆ ಮದ್ದು ಹೊಡೆಯೋದ್ರಲ್ಲಿ ಅಳೆದಿಯಾ?”

ಅವರು ಆಚೆ ಹೋದಾಗ ಸುಮಯ್ಯ ಹಾಳೆ, ಪೆನ್ನು ಮುಂದಿಟ್ಟಳು. ಕಶ್ಯಪನ ದನಿ ಇಳಿಯಿತು. “ಅಕ್ಕಾ, ಬರೆದುಕೊಟ್ರೆ ಕೆಲಸ ಹೋಗುತ್ತೆ. ಕ್ಷಮಿಸಿಬಿಡಿ.”

“ಕ್ಷಮಿಸೋದು ಮೇಲಿನವನ ಕೆಲಸ. ನೀವು ಬರೀರಿ. ಎರಡೂ ವರ್ಷದ್ದು. ಕನ್ನಡದಲ್ಲಿ.”

ಅವನು ಬರೆದ. ಸುಮಯ್ಯ ಆ ಹಾಳೆಯನ್ನು ಸ್ಟಿಕ್ಕರಿನ ಮೇಜಿನ ಮುಂದೆ ನಿಂತು, ಅವನ ಎದುರೇ, ಗಟ್ಟಿಯಾಗಿ ಓದಿದಳು. ‘ನನ್ನ ತಪ್ಪು’ ಎಂಬಲ್ಲಿ ನಿಲ್ಲಿಸಿ, ಇನ್ನೊಮ್ಮೆ ಓದಿದಳು.

“ಬಿಡು ಮಾರಾಯ್ತಿ, ನಾಳೆಯಿಂದ ಯಂತ್ರ ನಿಂದೇ. ಸಾಕಲ್ಲ,” ಎಂದರು ಓದು ಕೇಳಿ ಬಂದ ದತ್ತಮೂರ್ತಿ.

“ನಿಮಗೆ ಸಾಕು,” ಎಂದಳು.

ಮಧ್ಯಾಹ್ನ ರಜೆ ಕೇಳಿ ಕೊಪ್ಪದ ಅಂಚೆ ಕಚೇರಿಗೆ ಹೋದಳು. ಆ ಹಾಳೆಯನ್ನು ಲಕೋಟೆಗೆ ಹಾಕಿ, ಕಶ್ಯಪನ ಕಂಪನಿಯ ವಿಳಾಸ ಬರೆದು, ಅದರ ಬಾಯಿಗೆ ಅಂಟು ಸವರಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು.