ಅಪ್ಪನ ಬೀರುವಿನಲ್ಲಿ ಪಾಸಾದ ಒಂದೇ ಅಂಗಿ

ಅಪ್ಪನ ಬೀರುವಿನ ಬಾಗಿಲನ್ನು ಹುಷಾರಾಗಿ ತೆರೆಯಬೇಕು, ಇಲ್ಲದಿದ್ದರೆ ಬಟ್ಟೆಯ ರಾಶಿ ತಲೆಯ ಮೇಲೇ ಬೀಳುತ್ತದೆ. ಅಮ್ಮ ತೀರಿಕೊಂಡ ಮೇಲೆ ಅವನನ್ನು ತಿರುಪ್ಪೂರಿನಿಂದ ಪೀಳಮೇಡಿನ ನನ್ನ ಮನೆಗೆ ಕರೆತಂದಾಗ ಆ ಕಬ್ಬಿಣದ ಬೀರುವೂ ಜೊತೆಗೇ ಬಂತು. "ಬೀರು ಬರ್ದಿದ್ರೆ ನಾನೂ ಬರಲ್ಲ" ಎಂದು ಹಟ ಹಿಡಿದಿದ್ದ. ಮೆಟ್ಟಿಲು ಹತ್ತಿಸಿದವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಅಪ್ಪ ಜೀವಮಾನವೆಲ್ಲ ಬನಿಯನ್ ಕಂಪನಿಗಳಲ್ಲಿ ಚೆಕ್ಕಿಂಗ್ ಮಾಡಿದವನು. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹರವಿ, ಒಳಹೊರಗು ತಿರುಗಿಸಿ, ತೂತು, ಎಣ್ಣೆಕಲೆ, ಬಿಟ್ಟುಹೋದ ಹೊಲಿಗೆ ಹುಡುಕುವುದು. ಸಿಕ್ಕಿದಲ್ಲಿ ಕೆಂಪು ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ಎಸೆಯುವುದು. ಒಳ್ಳೆಯದು ಹಡಗು ಹತ್ತುತ್ತಿತ್ತು, ರಿಜೆಕ್ಟ್ ಆದದ್ದು ನಮ್ಮ ಮನೆಗೆ ಬರುತ್ತಿತ್ತು. ನಾವ್ಯಾರೂ ಅಂಗಡಿಯಿಂದ ಅಂಗಿ ಕೊಂಡವರಲ್ಲ. ಚಿಕ್ಕಂದಿನಲ್ಲಿ ನನ್ನ ಅಂಗಿಗಳಲ್ಲಿ ಎರಡು ತೋಳೂ ಒಂದೇ ಉದ್ದ ಇದ್ದದ್ದು ಕಡಿಮೆ. "ಯಾರು ಅಳತೆಪಟ್ಟಿ ಹಿಡ್ಕೊಂಡು ಬರ್ತಾರೆ, ಹಾಕ್ಕೊಂಡು ಹೋಗೇ" ಎನ್ನುತ್ತಿದ್ದಳು ಅಮ್ಮ.

ಅಮ್ಮನೇ ದಿನಾ ಅಂಗಿ, ಪಂಚೆ ತೆಗೆದಿಡುತ್ತಿದ್ದಳಂತೆ. ಅಪ್ಪನಿಗೆ ಮರೆವು ಎಷ್ಟು ಏರಿತ್ತು ಎಂಬುದು ನಮಗೆ ಗೊತ್ತಾದದ್ದೇ ಅವಳು ಹೋದ ಮೇಲೆ. ಬೆಳಿಗ್ಗೆ ಸ್ನಾನ ಮಾಡಿ ಬಂದವನು ಬೀರುವಿನ ಮುಂದೆ ನಿಂತರೆ ನಿಂತೇ ಇರುತ್ತಿದ್ದ. ಇಡ್ಲಿ ಆರಿ ಕಲ್ಲಾಗುತ್ತಿತ್ತು, ನನಗೆ ಆಫೀಸಿನ ಹೊತ್ತು ಮೀರುತ್ತಿತ್ತು. ಡಾಕ್ಟರು ಹೇಳಿದರು: ಕಣ್ಣ ಮುಂದೆ ಅಷ್ಟೊಂದು ಬಟ್ಟೆ ಇಟ್ಟರೆ ಅವರಿಗೆ ಗೊಂದಲ, ಕಡಿಮೆ ಮಾಡಿ. ಆದರೆ ನೀವು ಮಾತ್ರ ಹಾಕಿಸಬೇಡಿ. ಅವರ ಬಟ್ಟೆ ಅವರೇ ಹಾಕಿಕೊಳ್ಳುವಷ್ಟು ದಿನ ಹಾಕಿಕೊಳ್ಳಲಿ. ಅದೊಂದು ಕೈತಪ್ಪಿದರೆ ಮತ್ತೆ ಬರುವುದಿಲ್ಲ.

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಭಾನುವಾರ ಸೆರಗು ಸಿಕ್ಕಿಸಿ ಬೀರುವಿಗೆ ಕೈ ಹಾಕಿದೆ. ಅಬ್ಬಬ್ಬಾ, ಅದೇನು ಬೀರುವೋ, ಗೋದಾಮೋ! ಕಾಲರಿನ ಟೀಶರ್ಟುಗಳೇ ಮಂಚದೆತ್ತರ ಬಿದ್ದವು. ಯಾವ ದೇಶದ ದಪ್ಪ ಮನುಷ್ಯರಿಗೆ ಹೊಲಿದದ್ದೋ, ಒಂದೊಂದರಲ್ಲಿ ಇಬ್ಬರು ಅಪ್ಪಂದಿರು ಹಿಡಿಸುತ್ತಿದ್ದರು. ನಾನು ಮೂಟೆ ಕಟ್ಟುತ್ತ ಹೋದಂತೆ ಅಪ್ಪ ಹಿಂದಿನಿಂದ ಒಂದೊಂದನ್ನೇ ಹೊರಗೆಳೆದು ನೀಟಾಗಿ ಮಡಿಸುತ್ತ ಹೋದ. "ಅಪ್ಪಾ, ಕೈ ಮುಗಿತೀನಿ, ಸುಮ್ನೆ ಕೂತ್ಕೊ" ಎಂದು ಕೂಗಾಡಿದೆ. "ಕೆಲಸದ ಹೊತ್ತಲ್ಲಿ ಯಾಕವ್ವಾ ಕೂಗ್ತೀಯ?" ಎಂದ. ನನ್ನನ್ನು ಹುಟ್ಟಿದಾಗಿನಿಂದ ಅವ್ವಾ ಎಂದೇ ಕರೆಯುತ್ತಾನೆ.

ಸಂಜೆಗೆ ಬೀರು ನೋಡುವ ಹಾಗಾಯಿತು. ಕೈಗೆಟುಕುವ ಖಾನೆಯಲ್ಲಿ ಚೆನ್ನಾಗಿರುವ ಕೆಲವೇ ಅಂಗಿ, ಒಂದೊಂದರ ಕೆಳಗೂ ಒಂದೊಂದು ಪಂಚೆ. ಮೇಲಿನದನ್ನು ತೆಗೆದು ಹಾಕಿಕೊಂಡರಾಯಿತು. ನನಗೆ ನಾನೇ ಶಭಾಷ್ ಎಂದುಕೊಂಡು ಕಾಫಿ ಕುಡಿದೆ.

ಮರುದಿನ ಬೆಳಿಗ್ಗೆ ಅಪ್ಪ ಮೇಲಿನ ಅಂಗಿ ತೆಗೆದ. ನನಗೆ ಎಷ್ಟು ಖುಷಿಯಾಯಿತೆಂದರೆ ಒಲೆ ಮೇಲಿನ ಹಾಲು ಮರೆತೆ. ಆದರೆ ಅವನು ಅದನ್ನು ತಿರುವುಮುರುವು ಮಾಡಿ ಕಿಟಕಿಯ ಬೆಳಕಿಗೆ ಹಿಡಿದ. ಹೆಬ್ಬೆರಳು ಹೊಲಿಗೆಯ ಗುಂಟ ಮೆಲ್ಲಗೆ ಹೋಯಿತು, ಕಂಕುಳ ಹತ್ತಿರ ನಿಂತಿತು. ಬೀರುವಿನ ಕನ್ನಡಿಗೆ ನಾನು ಅಂಟಿಸಿದ್ದ ಸ್ಟಿಕ್ಕರ್ ಬೊಟ್ಟೊಂದನ್ನು ಕಿತ್ತು ಅಲ್ಲಿಗೆ ಅಂಟಿಸಿ ಅಂಗಿಯನ್ನು ಪಕ್ಕಕ್ಕೆ ಎಸೆದ. ಮತ್ತೊಂದು ತೆಗೆದ. ಬೊಟ್ಟು. ಮತ್ತೊಂದು. ಖಾನೆ ಖಾಲಿಯಾದಾಗ ಬರಿಮೈಯಲ್ಲಿ, ಕೈಕಟ್ಟಿ ನಿಂತು ಹೇಳಿದ: "ಎಲ್ಲಾ ರಿಜೆಕ್ಟು ಅವ್ವಾ. ಒಂದೂ ಆಗಲ್ಲ."

ಅವನು ಹೇಳಿದ್ದು ನಿಜವೇ. ನಮ್ಮ ಮನೆಯಲ್ಲಿ ದೋಷವಿಲ್ಲದ ಅಂಗಿ ಎಲ್ಲಿಂದ ಬರಬೇಕು? ಬೈದು ನೋಡಿದೆ, ಬೇಡಿಕೊಂಡೆ. ತೂತುಗಳನ್ನು ಹೊಲಿದಿಟ್ಟರೆ ನನ್ನ ಹೊಲಿಗೆಗೇ ಬೊಟ್ಟು ಬಿತ್ತು. ದಿನಾ ಅದೇ ಗೋಳು. ಪಂಚೆ ಉಟ್ಟು, ಟವೆಲ್ ಹೊದ್ದು ಕೂತಿರುತ್ತಿದ್ದ. ತಲೆ ಚಿಟ್ಟು ಹಿಡಿದು ಹೋಯಿತು.

ಕೊನೆಗೆ ಒಂದು ಸಂಜೆ ಆರ್.ಎಸ್. ಪುರಂನ ದೊಡ್ಡ ಅಂಗಡಿಗೆ ಹೋದೆ. ತಿಳಿನೀಲಿಯ ಕಾಲರ್ ಅಂಗಿಯೊಂದನ್ನು ಅಪ್ಪನ ಹಾಗೆಯೇ ಬೆಳಕಿಗೆ ಹಿಡಿದು, ಒಳಹೊರಗು ನೋಡಿ ಕೊಂಡೆ. ಅಂಗಡಿಯವಳಿಗೆ ನನ್ನ ತಲೆ ಸರಿಯಿಲ್ಲ ಅನ್ನಿಸಿರಬೇಕು. ಬೆಲೆಚೀಟಿ ಕಿತ್ತು, ಒಗೆದು, ಖಾನೆಯಲ್ಲಿ ಮೇಲಿಟ್ಟೆ.

ಬೆಳಿಗ್ಗೆ ಅಪ್ಪ ಅದನ್ನು ಕಿಟಕಿಗೆ ಹಿಡಿದ. ನಾನು ಬಾಗಿಲ ಮರೆಯಲ್ಲಿ ನಿಂತೆ. ಬೆರಳು ಹೆಗಲಿಗೆ ಹೋಯಿತು, ಕಂಕುಳಿಗೆ, ಬದಿಗೆ, ಅಂಚಿಗೆ. ಎಲ್ಲೂ ನಿಲ್ಲಲಿಲ್ಲ. ಅವನ ಮುಖ ಅರಳಿತು. ಎಷ್ಟು ದಿನಕ್ಕೆ ನಕ್ಕನಪ್ಪಾ! ಅಂಗಿಯನ್ನು ಮಂಚದ ಮೇಲೆ ಹರವಿ, ಗುಂಡಿ ಹಾಕಿ, ತೋಳುಗಳನ್ನು ಹಿಂದಕ್ಕೆ ಮಡಿಸಿ, ಅಂಗೈಯಿಂದ ಸವರಿ ಚೌಕ ಮಾಡಿದ.

"ಹಾಕ್ಕೊಪ್ಪಾ" ಎಂದೆ.

"ಇದನ್ನಾ? ಪಾಸಾದ ಪೀಸು ಅವ್ವಾ. ಶಿಪ್‌ಮೆಂಟಿಗೆ ಹೋಗ್ಬೇಕು. ನಾವು ಹಾಕ್ಕೊಳ್ಳೋದಾ?" ಎಂದು ನನ್ನನ್ನೇ ಗದರಿ, ಅದನ್ನು ಕವರಿಗೆ ಹಾಕಿ ಬಾಗಿಲ ಬಳಿ ಇಟ್ಟ.

ನಾನು ಬಟ್ಟೆಗಳ ನಡುವೆ ನೆಲದ ಮೇಲೆ ಕುಕ್ಕರಿಸಿ ಅತ್ತುಬಿಟ್ಟೆ. ಸಾಕಪ್ಪಾ, ನನ್ನ ಕೈಲಾಗಲ್ಲ ಎಂದು ಗಟ್ಟಿಯಾಗಿಯೇ ಅತ್ತೆ. ಅಪ್ಪ ಹತ್ತಿರ ಬಂದು ತಲೆ ಮೇಲೆ ಕೈಯಿಟ್ಟ. "ಅಳುವಾದೆ ಕಣ್ಣು. ಪುದುಸಾ ವಂದಿರುಕ್ಕಿಯಾ?" ಎಂದ. ಅಳಬೇಡ, ಕೆಲಸಕ್ಕೆ ಹೊಸದಾಗಿ ಬಂದಿದ್ದೀಯಾ ಎಂದು, ತಮಿಳಿನಲ್ಲಿ. ತಮಿಳು ಅವನಿಗೆ ಕಂಪನಿಯ ಮಾತು, ಅಲ್ಲಿನ ಹುಡುಗಿಯರೊಂದಿಗೆ ಆಡುವ ಮಾತು. ನನ್ನೊಂದಿಗೆ ಎಂದೂ ಆಡಿದವನಲ್ಲ.

"ಆಮಾಂಗಯ್ಯಾ" ಎಂದೆ, ಹೌದು ಅಯ್ಯಾ ಎಂದು. ಕಣ್ಣೊರೆಸಿಕೊಂಡು ಎದ್ದು, ಬೊಟ್ಟಿದ್ದ ಅಂಗಿಯೊಂದನ್ನು ಎತ್ತಿ ಅವನ ತಲೆಯ ಮೇಲಿಂದ ಇಳಿಸಿದೆ. ಅವನು ತೋಳು ಚಾಚಿದ, ಒಂದು, ಆಮೇಲೆ ಇನ್ನೊಂದು. ಗುಂಡಿ ಹಾಕುವಾಗ ನನ್ನ ಮುಖ ನೋಡುತ್ತ, ನಿಮ್ಮಪ್ಪ ಏನು ಕೆಲಸ ಮಾಡುತ್ತಾರೆ ಎಂದು ತಮಿಳಿನಲ್ಲೇ ಕೇಳಿದ.

"ಚೆಕ್ಕಿಂಗ್ ಅಯ್ಯಾ" ಎಂದೆ.